3ನೇ ದಿನದ ರಿಪೋರ್ಟು, 26ನೇ ದಿನದ ಸೂಜಿ: ಜೋತುಬಿದ್ದ ಮಣಿಕಟ್ಟಿನ ಒಂದು ಪ್ರಕರಣ

"ಕತ್ತರಿ ಮುಚ್ಚತ್ತೆ ಡಾಕ್ಟ್ರೇ, ತೆರೆಯಲ್ಲ."

ನನ್ನ ಮುಂದೆ ಕೂತು ಅವರು ಹೇಳಿದ ಮೊದಲ ಮಾತು ಇದು. ವಯಸ್ಸು 38. ಬಟ್ಟೆ ಹೊಲಿಯೋದು ಕೆಲಸ. 26 ದಿನದ ಹಿಂದೆ ಸ್ಕೂಟರಿನಿಂದ ಬಿದ್ದು ಬಲತೋಳಿನ ಮೂಳೆ ನಡುಭಾಗದಲ್ಲಿ ಮುರಿದಿತ್ತು. ಚರ್ಮ ಹರಿದಿರಲಿಲ್ಲ. ಬಿದ್ದ ಜಾಗದಲ್ಲೇ ಮಣಿಕಟ್ಟು ಕೆಳಗೆ ಜೋತುಬಿತ್ತು ಅಂತ ಅವರಿಗೆ ಚೆನ್ನಾಗಿ ನೆನಪಿತ್ತು. ಮೂಳೆ ಡಾಕ್ಟರು ಆಪರೇಷನ್ ಮಾಡದೆ ತೋಳಿಗೆ ಬ್ರೇಸ್ ಹಾಕಿದ್ದರು. ಎಕ್ಸ್‌ರೇ ನೋಡಿದರೆ ಮೂಳೆ ಕೂಡಿಕೊಳ್ಳುತ್ತಿತ್ತು. ಕೈ ಮಾತ್ರ ಹಾಗೇ ಇತ್ತು. (ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ.)

ಜೊತೆಗೆ ಬಂದಿದ್ದ ಗಂಡ ಫೈಲಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಬೇರೆ ಕಡೆ ಮಾಡಿಸಿದ ನರದ ಪರೀಕ್ಷೆಯ ರಿಪೋರ್ಟು. ಕೊನೆಯ ಸಾಲಿನಲ್ಲಿ 'ಬಲ ರೇಡಿಯಲ್ ನರ: ನಾರ್ಮಲ್' ಎಂದಿತ್ತು.

"ನರ ಸರಿಯಾಗಿದೆ ಅಂತ ಬಂದಿದೆ ಡಾಕ್ಟ್ರೇ. ನೋವಿನ ಭಯಕ್ಕೆ ಇವಳೇ ಕೈ ಎತ್ತುತ್ತಿಲ್ಲ ಅನ್ಸತ್ತೆ. ಮನಸ್ಸು ಮಾಡು ಅಂತ ಮನೇಲಿ ಎಲ್ರೂ ಹೇಳ್ತಿದ್ದೀವಿ."

ಅವರು ಏನೂ ಹೇಳಲಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು.

ನಾನು ಮೊದಲು ನೋಡಿದ್ದು ರಿಪೋರ್ಟಿನ ತಾರೀಕು. ಏಟಾದ 3ನೇ ದಿನ. ಇಡೀ ಪ್ರಕರಣದ ಗಂಟು ಅಲ್ಲೇ ಇತ್ತು.

ಕೈ ಏನು ಹೇಳುತ್ತಿತ್ತು

ಯಂತ್ರ ಆನ್ ಮಾಡುವ ಮುಂಚೆ ಕೈ ನೋಡಬೇಕು. ಮೊಣಕೈ ನೀಟಾಗಿ ಚಾಚುತ್ತಿದ್ದರು, ಅಂದರೆ ತೋಳಿನ ಹಿಂಭಾಗದ ಟ್ರೈಸೆಪ್ಸ್ ಸ್ನಾಯು ಗಟ್ಟಿಯಾಗಿತ್ತು. ಹೆಬ್ಬೆರಳು ಮೇಲಿಟ್ಟು ಮೊಣಕೈ ಮಡಚಿ ಅಂದಾಗ ಮುಂಗೈಯ ಹೊರಬದಿಯಲ್ಲಿ ಉಬ್ಬಬೇಕಾದ ಬ್ರೇಕಿಯೋರೇಡಿಯಾಲಿಸ್ ಉಬ್ಬಲಿಲ್ಲ. ಮಣಿಕಟ್ಟು ಏಳಲಿಲ್ಲ. ಬೆರಳಿನ ಬುಡ ಏಳಲಿಲ್ಲ. ಹೆಬ್ಬೆರಳು ಹಿಂದಕ್ಕೆ ಬರಲಿಲ್ಲ. ಅಂಗೈಯ ಹಿಂಬದಿಯಲ್ಲಿ, ಹೆಬ್ಬೆರಳು ತೋರುಬೆರಳಿನ ನಡುವೆ, ಹತ್ತಿ ಮುಟ್ಟಿಸಿದರೆ ಗೊತ್ತಾಗುತ್ತಿರಲಿಲ್ಲ.

ಕತ್ತರಿಯ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಕತ್ತರಿ ಮುಚ್ಚೋ ಸ್ನಾಯುಗಳು ಬೇರೆ ಎರಡು ನರಗಳಿಗೆ ಸೇರಿದವು. ತೆರೆಯೋಕೆ ಬೆರಳು, ಹೆಬ್ಬೆರಳು ಹಿಂದಕ್ಕೆ ಚಾಚಬೇಕು. ಅದು ರೇಡಿಯಲ್ ನರದ ಕೆಲಸ. ಈ ನರ ತೋಳಿನ ಮೂಳೆಯ ಹಿಂದೆ, ಮೂಳೆಗೆ ಅಂಟಿದ ಹಾಗೆ ಸುತ್ತಿ ಇಳಿಯುತ್ತದೆ. ಹಾಗಾಗಿ ಅಲ್ಲಿ ಮೂಳೆ ಮುರಿದರೆ ನರಕ್ಕೂ ಏಟು. ಟ್ರೈಸೆಪ್ಸ್‌ಗೆ ಹೋಗುವ ಕೊಂಬೆಗಳು ಅದಕ್ಕಿಂತ ಮೇಲೆಯೇ ಒಡೆದು ಹೋಗಿರುತ್ತವೆ, ಅದಕ್ಕೇ ಮೊಣಕೈ ಉಳಿದಿತ್ತು. ಭಯಕ್ಕೆ ಕೈ ಎತ್ತದವರಿಗೆ ಇಷ್ಟು ಕರಾರುವಾಕ್ಕಾಗಿ ಒಂದೇ ನರದ ಗೆರೆ ಹಿಡಿದು ಬಲ ಹೋಗಲ್ಲ. ಇದನ್ನು ಗಂಡನಿಗೆ ಅಲ್ಲೇ ಹೇಳಿದೆ. ಪರೀಕ್ಷೆ ಮುಗಿಯೋವರೆಗೆ ಕಾಯೋದು ನನಗೆ ಸರಿ ಕಾಣಲಿಲ್ಲ.

3ನೇ ದಿನ ನರ ಯಾಕೆ 'ನಾರ್ಮಲ್' ಕಂಡಿತು

ಆ ರಿಪೋರ್ಟಿನ ಅಂಕಿಗಳು ಸುಳ್ಳಲ್ಲ. ಮೊಣಕೈ ಹತ್ತಿರ ನರಕ್ಕೆ ಕರೆಂಟ್ ಕೊಟ್ಟು, ತೋರುಬೆರಳು ಎತ್ತುವ ಸ್ನಾಯುವಿನ ಮೇಲೆ ಅಳೆದಿದ್ದರು. ಸ್ನಾಯು ಉತ್ತರ ಕೊಟ್ಟಾಗ ಏಳುವ ಅಲೆ 4.4 ಮಿಲಿವೋಲ್ಟ್ ಬಂದಿತ್ತು. ಚರ್ಮದ ಸ್ಪರ್ಶ ಒಯ್ಯುವ ಎಳೆಗಳಿಂದ ಬರುವ ಸ್ಪರ್ಶದ ಅಲೆಯೂ ಚೆನ್ನಾಗಿತ್ತು. ತಪ್ಪಾಗಿದ್ದು ಓದಿನಲ್ಲಿ. ಏಟು ಬಿದ್ದಿದ್ದು ತೋಳಿನಲ್ಲಿ, ಕರೆಂಟ್ ಕೊಟ್ಟಿದ್ದು ಏಟಿನ ಕೆಳಗೆ. ಏಟಿನ ಜಾಗವನ್ನು ದಾಟಿ ಪರೀಕ್ಷೆ ಆಗಲೇ ಇಲ್ಲ.

ನರದ ಎಳೆ ತುಂಡಾದರೂ ಕೆಳಗಿನ ತುಂಡು ಆ ಕ್ಷಣಕ್ಕೆ ಸಾಯಲ್ಲ. ಕೆಲವು ದಿನ ಅದು ಹೊರಗಿನಿಂದ ಕೊಟ್ಟ ಕರೆಂಟಿಗೆ ಓಗೊಡುತ್ತದೆ. ಆಮೇಲೆ ಸ್ನಾಯುವಿನ ಅಲೆ ಕುಗ್ಗುತ್ತಾ ಬಂದು ಸುಮಾರು ಒಂದು ವಾರದಲ್ಲಿ ಹೋಗುತ್ತದೆ. ಸ್ಪರ್ಶದ ಅಲೆ ಇನ್ನೂ ಸ್ವಲ್ಪ ತಡೆದು, 10-11 ದಿನದ ಹೊತ್ತಿಗೆ ಹೋಗುತ್ತದೆ. ಸ್ನಾಯುವಿನದ್ದು ಯಾಕೆ ಮೊದಲು ಅಂದರೆ, ನರ ಮತ್ತು ಸ್ನಾಯು ಸೇರುವ ಬೆಸುಗೆ ನರದ ಎಳೆಗಿಂತ ಮುಂಚೆ ಕೈಕೊಡುತ್ತದೆ. ಹೀಗೆ ಕೆಳಗಿನ ತುಂಡು ಸವೆದುಹೋಗೋದನ್ನು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಆಗಸ್ಟಸ್ ವಾಲರ್ 1850ರಲ್ಲಿ ಕಪ್ಪೆಯ ನಾಲಿಗೆಯ ನರ ಕತ್ತರಿಸಿ ನೋಡಿ ಬರೆದರು. ಅದೇ 1850ರಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲೇ ಸಂದೇಶ ಓಡುವ ವೇಗ ಅಳೆದರು. ನಾವು ಇವತ್ತು ಮಾಡುವ ಪರೀಕ್ಷೆ ನಿಂತಿರೋದು ಈ ಎರಡರ ಮೇಲೆ. ವೇಗ ಅಳೆದು ವಾಲರ್ ಹೇಳಿದ್ದನ್ನು ಮರೆತರೆ 3ನೇ ದಿನದ ರಿಪೋರ್ಟಿನ ಹಾಗೆ ಆಗುತ್ತದೆ.

3ನೇ ದಿನ ಪರೀಕ್ಷೆ ಮಾಡಲೇಬಾರದು ಅಂತಲ್ಲ. ಏಟಿನ ಮೇಲೂ ಕೆಳಗೂ ಕರೆಂಟ್ ಕೊಟ್ಟರೆ ತಡೆ ಎಲ್ಲಿದೆ ಅಂತ ಗೊತ್ತಾಗಬಹುದು. ಆದರೆ ಅದು ಬರೀ ತಡೆಯೋ, ಒಳಗಿನ ಎಳೆಗಳೇ ತುಂಡಾಗಿವೆಯೋ ಅಂತ ಆ ದಿನ ಹೇಳಲು ಆಗಲ್ಲ. ಬ್ರಿಟಿಷ್ ಸರ್ಜನ್ ಸೆಡನ್ 1943ರಲ್ಲಿ ನರದ ಏಟನ್ನು ಮೂರು ಬಗೆಯಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ಎಳೆ ಉಳಿದಿರುತ್ತದೆ, ಸಂದೇಶ ಮಾತ್ರ ನಿಂತಿರುತ್ತದೆ, ವಾರಗಳಲ್ಲಿ ವಾಪಸ್ ಬರುತ್ತದೆ. ಎರಡನೆಯದರಲ್ಲಿ ಎಳೆ ತುಂಡು, ಆದರೆ ಅದರ ಸುತ್ತಲಿನ ಕೊಳವೆ ಉಳಿದಿರುತ್ತದೆ. ಹೊಸ ಎಳೆ ಅದೇ ದಾರಿಯಲ್ಲಿ ಬೆಳೆಯಬಹುದು. ಮೂರನೆಯದರಲ್ಲಿ ನರವೇ ಪೂರ್ತಿ ತುಂಡು, ಹೊಲಿಗೆ ಹಾಕದೆ ಕೂಡಲ್ಲ. ಮೊದಲ ಎರಡು-ಮೂರು ದಿನದಲ್ಲಿ ಕೆಳಗಡೆಯಿಂದ ಅಳೆದರೆ ಮೂರೂ ಒಂದೇ ಥರ ಕಾಣುತ್ತವೆ. ಮೂರೂ 'ನಾರ್ಮಲ್'.

26ನೇ ದಿನ

ಕೈ ಮುಟ್ಟಿದಾಗ ತಣ್ಣಗಿತ್ತು. ಅಳೆದರೆ 28.5 ಡಿಗ್ರಿ ಸೆಲ್ಸಿಯಸ್. ಸ್ವಾಧೀನ ತಪ್ಪಿದ ಕೈ ಹೀಗೆ ತಣ್ಣಗಾಗೋದು ಮಾಮೂಲು. ಆದರೆ ಅದೇ ಸ್ಥಿತಿಯಲ್ಲಿ ಪರೀಕ್ಷೆ ಶುರು ಮಾಡಬಾರದು. ಒಂದು ಡಿಗ್ರಿ ಇಳಿದರೆ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಇಳಿಯುತ್ತದೆ, ಸೂಜಿಯಲ್ಲಿ ಕೇಳಬೇಕಾದ ಸಣ್ಣ ಸದ್ದುಗಳೂ ಕಮ್ಮಿಯಾಗುತ್ತವೆ. 32 ಡಿಗ್ರಿ ದಾಟುವವರೆಗೆ ಬೆಚ್ಚಗೆ ಮಾಡಿದೆವು. ಸ್ಪರ್ಶ ಇಲ್ಲದ ಜಾಗ ಸುಡದ ಹಾಗೆ, ನಿಧಾನಕ್ಕೆ.

ಎರಡೂ ಕೈ ಅಳೆದೆ. ಒಂದೇ ಮನುಷ್ಯರ ಸರಿ ಇರುವ ಕೈಗಿಂತ ಒಳ್ಳೆ ಅಳತೆಗೋಲು ಇಲ್ಲ. ಎಡಗೈ ರೇಡಿಯಲ್ ನರದಲ್ಲಿ ಸ್ನಾಯುವಿನ ಅಲೆ 5.2 ಮಿಲಿವೋಲ್ಟ್, ಸ್ಪರ್ಶದ ಅಲೆ 30 ಮೈಕ್ರೋವೋಲ್ಟ್. ಬಲಗೈಯಲ್ಲಿ ಎರಡೂ ಇಲ್ಲ. ಪರದೆಯ ಮೇಲೆ ಸಪಾಟು ಗೆರೆ. ಬಲಗೈಯ ಉಳಿದ ಎರಡು ನರ, ಮೀಡಿಯನ್ ಮತ್ತು ಅಲ್ನಾರ್, ಸರಿಯಾಗಿದ್ದವು. ಅಂದರೆ ಸಮಸ್ಯೆ ಕತ್ತಿನಲ್ಲೂ ಅಲ್ಲ, ಭುಜದಲ್ಲೂ ಅಲ್ಲ.

ಆಮೇಲೆ ಸ್ನಾಯುವಿನೊಳಗೆ ಇಟ್ಟು ಕೇಳುವ ಸೂಜಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿಲ್ಲ ಅಂತ ಕೇಳಿ ಖಾತ್ರಿ ಮಾಡಿಕೊಂಡೆ. ಈ ಸೂಜಿಯಿಂದ ಒಳಗೆ ಕರೆಂಟ್ ಹೋಗಲ್ಲ, ಸ್ನಾಯುವಿನ ಸ್ವಂತ ಕರೆಂಟನ್ನು ಅದು ಕೇಳಿಸಿಕೊಳ್ಳುತ್ತದೆ ಅಷ್ಟೇ. ಇದನ್ನು ಪ್ರತಿಯೊಬ್ಬರಿಗೂ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ 'ಕರೆಂಟ್ ಇಟ್ಟರೆ ನರ ವಾಸಿಯಾಗತ್ತೆ' ಅಂದುಕೊಂಡು ಬರುವವರು ತುಂಬಾ ಜನ. ಇದು ಪರೀಕ್ಷೆ, ಚಿಕಿತ್ಸೆ ಅಲ್ಲ.

ಟ್ರೈಸೆಪ್ಸ್‌ನಲ್ಲಿ ಸೂಜಿ ಇಟ್ಟಾಗ ವಿಶ್ರಾಂತಿಯಲ್ಲಿ ಮೌನ, ಬಲ ಹಾಕಿದಾಗ ಗಟ್ಟಿ ಗದ್ದಲ. ಸರಿ ಇರುವ ಸ್ನಾಯು ಹೀಗೇ ಇರಬೇಕು. ಬ್ರೇಕಿಯೋರೇಡಿಯಾಲಿಸ್‌ಗೆ ಇಳಿದ ತಕ್ಷಣ ಸ್ಪೀಕರ್ ಬೇರೆ ಮಾತಾಡಿತು. ಕೈ ಪೂರ್ತಿ ಸಡಿಲ ಬಿಟ್ಟಿದ್ದರೂ ಟಿಕ್, ಟಿಕ್, ಟಿಕ್ ಅಂತ ಗಡಿಯಾರದಷ್ಟು ಒಂದೇ ಸಮ ಸಣ್ಣ ಸದ್ದು. ಅದರ ಪಕ್ಕದಲ್ಲೇ ಇನ್ನೊಂದು, ಬೇರೆ ವೇಗದಲ್ಲಿ. ಇದಕ್ಕೆ ಫಿಬ್ರಿಲೇಷನ್ ಅಂತ ಹೆಸರು. ನರ ಕಳೆದುಕೊಂಡ ಸ್ನಾಯುವಿನ ಎಳೆಗಳು ಯಾರೂ ಕರೆಯದಿದ್ದರೂ ತಾವಾಗಿಯೇ ಮಿಡಿಯುತ್ತವೆ. ಚರ್ಮದ ಮೇಲಿನಿಂದ ಕಾಣಲ್ಲ, ಸೂಜಿಗೆ ಮಾತ್ರ ಕೇಳತ್ತೆ. ಏಟಿಗೆ ಹತ್ತಿರದ ಸ್ನಾಯುಗಳಲ್ಲಿ ಇದು 10ರಿಂದ 14 ದಿನಕ್ಕೆ ಶುರುವಾಗುತ್ತದೆ, ದೂರದವುಗಳಲ್ಲಿ 3-4 ವಾರಕ್ಕೆ. 3ನೇ ದಿನ ಸೂಜಿ ಹಾಕಿದ್ದರೂ ಸಿಗುತ್ತಿರಲಿಲ್ಲ.

ಮಣಿಕಟ್ಟು ಎತ್ತುವ ಸ್ನಾಯು, ಬೆರಳು ಎತ್ತುವ ಸ್ನಾಯು, ತೋರುಬೆರಳಿನ ಸ್ನಾಯು, ಎಲ್ಲದರಲ್ಲೂ ಇದೇ. "ಈಗ ಎತ್ತಿ, ಜೋರಾಗಿ ಎತ್ತಿ" ಅಂದೆ. ಅವರ ಹಣೆಯಲ್ಲಿ ಬೆವರು ಬಂತು, ಭುಜ ನಡುಗಿತು. ಪರದೆಯಲ್ಲಿ ಒಂದೇ ಒಂದು ಸ್ವಂತ ಅಲೆಯೂ ಏಳಲಿಲ್ಲ. ಗಂಡ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. "ಇವಳು ಪ್ರಯತ್ನ ಮಾಡ್ತಾನೇ ಇದ್ದಾಳೆ" ಅಂದರು, ಮೆಲ್ಲಗೆ.

ರಿಪೋರ್ಟಿನಲ್ಲಿ ಬರೆದಿದ್ದು ಇಷ್ಟು: ಬಲ ರೇಡಿಯಲ್ ನರಕ್ಕೆ ತೋಳಿನ ನಡುಭಾಗದಲ್ಲಿ, ಟ್ರೈಸೆಪ್ಸ್ ಕೊಂಬೆಯ ಕೆಳಗೆ, ತೀವ್ರ ಏಟು. ಎಳೆಗಳು ತುಂಡಾಗಿವೆ. ಕೊಳವೆ ಉಳಿದಿದೆಯೋ ಇಲ್ಲವೋ ಎಂದು ಈ ಪರೀಕ್ಷೆ ಹೇಳಲಾರದು.

ಕೊನೆಯ ಸಾಲು ಬರೆಯಲು ಕೈ ಹಿಂದೆ ಮುಂದೆ ಆಗತ್ತೆ ನಿಜ, ಆದರೆ ಅದು ಇರಲೇಬೇಕು. ಎರಡನೇ ಬಗೆ ಮತ್ತು ಮೂರನೇ ಬಗೆ ಈ ಹಂತದಲ್ಲಿ ಯಂತ್ರಕ್ಕೆ ಒಂದೇ ಥರ. ಅದಕ್ಕೆ ಅಲ್ಟ್ರಾಸೌಂಡ್ ಮಾಡಿಸಿದೆವು. ನರ ಊದಿಕೊಂಡಿತ್ತು, ಆದರೆ ಹೊರಗಿನಿಂದ ಮೇಲಿನಿಂದ ಕೆಳಗಿನವರೆಗೆ ಎಲ್ಲೂ ಕಡಿಯದೆ ಕಂಡಿತು. ಮೂಳೆ ತುಂಡುಗಳ ನಡುವೆ ಸಿಕ್ಕಿಕೊಂಡಿರಲಿಲ್ಲ. ಚರ್ಮ ಹರಿಯದ ಇಂಥ ಮೂಳೆಮುರಿತದಲ್ಲಿ ಕೈ ಜೋತುಬಿದ್ದವರಲ್ಲಿ ಹತ್ತಕ್ಕೆ ಏಳು ಜನರಷ್ಟು ಆಪರೇಷನ್ ಇಲ್ಲದೆ ಚೇತರಿಸಿಕೊಳ್ಳುತ್ತಾರೆ. ಹಾಗಾಗಿ ಮೂಳೆ ಡಾಕ್ಟರೂ ನಾನೂ ಕಾಯುವುದು ಅಂತ ತೀರ್ಮಾನಿಸಿದೆವು. ಹರಿತವಾದ ವಸ್ತು ಹೊಕ್ಕು ಆದ ಗಾಯವಾಗಿದ್ದರೆ ಲೆಕ್ಕ ಬೇರೆ. ಅಲ್ಲಿ ಕಾಯಬಾರದು, ಬೇಗ ತೆರೆದು ನೋಡಬೇಕು.

ಕಾಯೋದಕ್ಕೂ ಲೆಕ್ಕ ಬೇಕು

ಸುಮ್ನೆ 'ಕಾದು ನೋಡೋಣ' ಅಂದರೆ ರೋಗಿಗೆ ಅದು ಕೈಬಿಟ್ಟ ಹಾಗೆ ಕೇಳಿಸತ್ತೆ. ನಾನು ಟೇಪ್ ತೆಗೆದುಕೊಂಡೆ. ಮೂಳೆ ಮುರಿದ ಜಾಗದಿಂದ ಬ್ರೇಕಿಯೋರೇಡಿಯಾಲಿಸ್‌ಗೆ ನರ ಸೇರುವ ಜಾಗಕ್ಕೆ ಸುಮಾರು 9 ಸೆಂಟಿಮೀಟರ್. ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. 90 ದಿನ. ತುಂಡಾದ ಎಳೆ ಬೆಳೆಯಲು ಶುರು ಮಾಡೋಕೆ, ಏಟಿನ ಜಾಗ ದಾಟೋಕೆ, ಇನ್ನೊಂದು ಮೂರು ವಾರ ಸೇರಿಸಿ. ಅಂದರೆ ಮೊದಲ ಸುದ್ದಿ ಬರಬೇಕಾದ್ದು ಸುಮಾರು 16ನೇ ವಾರಕ್ಕೆ. ಬೆರಳು ಎತ್ತುವ ಸ್ನಾಯು 20 ಸೆಂಟಿಮೀಟರ್ ದೂರ, ಅದು 7-8 ತಿಂಗಳಿಗೆ. ತೋರುಬೆರಳಿನ ಸ್ನಾಯು ಇನ್ನೂ ಆಚೆ, 10 ತಿಂಗಳ ಮೇಲೆ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಕೈಯ ಚಿತ್ರ ಬರೆದು, ಪಕ್ಕದಲ್ಲಿ ತಿಂಗಳು ಗುರುತು ಹಾಕಿ ಅವರಿಗೆ ಕೊಟ್ಟೆ. ಐದನೇ ತಿಂಗಳ ಕೊನೆಗೂ ಮೊದಲ ಸ್ನಾಯುವಿನಲ್ಲಿ ಏನೂ ಕೇಳದಿದ್ದರೆ ನರವನ್ನು ತೆರೆದು ನೋಡುವುದು ಅಂತ ಅದೇ ಹಾಳೆಯಲ್ಲಿ ಬರೆದೆ. ಗಡುವು ಯಾಕೆ ಬೇಕು ಅಂದರೆ, ನರವಿಲ್ಲದ ಸ್ನಾಯು ಹೆಚ್ಚು ಕಾಲ ಕಾಯಲ್ಲ. ವರ್ಷ, ಒಂದೂವರೆ ವರ್ಷ ಕಳೆದರೆ ನರ ಬಂದು ತಲುಪಿದರೂ ಸ್ನಾಯು ಕೆಲಸಕ್ಕೆ ಬಾರದ ನಾರಾಗಿರುತ್ತದೆ. ಅದಕ್ಕೂ ಮೀರಿದರೆ ಸರಿ ಇರುವ ಸ್ನಾಯುವಿನ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಬದಲಿಸಿ ಜೋಡಿಸುವ ಆಪರೇಷನ್ ಇದೆ, ರೇಡಿಯಲ್ ನರದ ಮಟ್ಟಿಗೆ ಅದು ಒಳ್ಳೆಯ ಫಲ ಕೊಡುತ್ತದೆ. ದಾರಿ ಮುಚ್ಚಿಲ್ಲ ಅಂತ ಇದನ್ನೂ ಹೇಳಿದೆ.

ನಡುವಿನ ಕೆಲಸ ಫಿಸಿಯೋಥೆರಪಿಯದ್ದು. ಮಣಿಕಟ್ಟನ್ನು ಎತ್ತಿ ಹಿಡಿಯುವ ಸ್ಪ್ಲಿಂಟ್, ದಿನಕ್ಕೆ ನಾಲ್ಕೈದು ಸಲ ಇನ್ನೊಂದು ಕೈಯಿಂದ ಎಲ್ಲ ಗೆಣ್ಣು ಮಡಚಿ ಬಿಚ್ಚುವುದು. ನರ ಬರುವ ಹೊತ್ತಿಗೆ ಗೆಣ್ಣು ಬಿಗಿದುಕೊಂಡಿದ್ದರೆ ಬಂದ ನರಕ್ಕೆ ಏನು ಉಪಯೋಗ ಅಲ್ವಾ?

10ನೇ ವಾರಕ್ಕೆ ಅವರು ಮತ್ತೆ ಬಂದರು. ಮನೆಯವರ ಒತ್ತಾಯ, ಒಂದ್ಸಲ ನೋಡಿಬಿಡಿ ಅಂದರು. ನಾನು ಒಪ್ಪಿದೆ. ಒಪ್ಪಬಾರದಿತ್ತು. ಲೆಕ್ಕದ ಪ್ರಕಾರ ಹೊಸ ಎಳೆ ಇನ್ನೂ ದಾರಿಯಲ್ಲೇ ಇತ್ತು. ಸೂಜಿಯಲ್ಲಿ ಹಳೆಯ ಟಿಕ್ ಟಿಕ್ ಬಿಟ್ಟು ಬೇರೇನೂ ಸಿಗಲಿಲ್ಲ. ಅದು ಕೆಟ್ಟ ಸುದ್ದಿ ಅಲ್ಲ, ಸುದ್ದಿಯೇ ಅಲ್ಲ. ಆದರೆ ಅವರಿಗೆ ಅದು 'ಏನೂ ಇಲ್ಲ' ಅಂತಲೇ ಕೇಳಿಸಿತು. ಎರಡು ವಾರ ಸ್ಪ್ಲಿಂಟ್ ತೆಗೆದಿಟ್ಟರು, ವ್ಯಾಯಾಮ ಬಿಟ್ಟರು. ಬೆರಳಿನ ಗೆಣ್ಣುಗಳು ಬಿಗಿಯಾದವು, ಮತ್ತೆ ಸಡಿಲ ಮಾಡೋಕೆ ಒಂದು ತಿಂಗಳು ಹಿಡಿಯಿತು. ಅಲ್ಲಿಂದ ಈಚೆಗೆ ನಾನು ಮುಂದಿನ ಪರೀಕ್ಷೆಯ ತಾರೀಕನ್ನು ಟೇಪಿನ ಅಳತೆ ನೋಡಿಯೇ ಕೊಡುತ್ತೇನೆ.

ಆ ಭೇಟಿಯಲ್ಲಿ ಸಿಕ್ಕ ಒಂದೇ ಒಳ್ಳೆಯ ವಿಷಯ ಬೆರಳ ತುದಿಯಿಂದ ಸಿಕ್ಕಿದ್ದು. ನರದ ದಾರಿಯ ಮೇಲೆ ಮೆಲ್ಲಗೆ ತಟ್ಟುತ್ತಾ ಬಂದರೆ ಒಂದು ಜಾಗದಲ್ಲಿ ಕೈಯ ಹಿಂಬದಿಗೆ ಜುಮ್ ಅನ್ನುತ್ತಿತ್ತು. ಆ ಜಾಗ ಮೂಳೆ ಮುರಿದಲ್ಲಿಂದ ಕೆಳಗೆ ಸರಿದಿತ್ತು. 1915ರಲ್ಲಿ ಫ್ರೆಂಚ್ ನರವೈದ್ಯ ಟಿನೆಲ್ ವಿವರಿಸಿದ ಗುರುತು ಇದು. ಹೊಸ ಎಳೆಯ ತುದಿ ಎಲ್ಲಿಗೆ ಬಂದಿದೆ ಅಂತ ಒರಟಾಗಿ ಹೇಳುತ್ತದೆ. ಚರ್ಮದ ಮೇಲೆ ಪೆನ್ನಿನಿಂದ ಗುರುತು ಹಾಕಿ ತೋರಿಸಿದ್ದೆ. ಆ ದಿನದ ಬೇಸರದಲ್ಲಿ ಅವರಿಗೆ ಅದು ಮನಸ್ಸಿಗೆ ಹೋಗಲಿಲ್ಲ.

16ನೇ ವಾರ

ಬ್ರೇಕಿಯೋರೇಡಿಯಾಲಿಸ್‌ನಲ್ಲಿ ಸೂಜಿ ಇಟ್ಟು, ಹೆಬ್ಬೆರಳು ಮೇಲೆ ಮಾಡಿ ಮೊಣಕೈ ಮಡಚಿ ಅಂದೆ. ಟಿಕ್ ಟಿಕ್ ಮುಂದುವರಿಯಿತು. ಸೂಜಿಯನ್ನು ಒಂದೆರಡು ಮಿಲಿಮೀಟರ್ ಸರಿಸಿದೆ. ಮತ್ತೆ ಮಡಚಿ. ಈ ಸಲ ಹಿನ್ನೆಲೆಯಲ್ಲಿ ಒಂದು ಒರಟು 'ಚರ್' ಸದ್ದು ಬಂತು. "ಬಿಡಿ" ಅಂದೆ, ನಿಂತಿತು. "ಮಡಚಿ" ಅಂದೆ, ಬಂತು. ಮೂರು ಸಲ ಹೀಗೆ. ತಾನಾಗಿ ಬರುವ ಸದ್ದಿಗೂ ಕರೆದಾಗ ಬರುವ ಸದ್ದಿಗೂ ಇರುವ ವ್ಯತ್ಯಾಸ ಇದೇ.

ಪರದೆಯಲ್ಲಿ ಅಲೆ ಪುಟ್ಟದು, ಹಲ್ಲು ಹಲ್ಲಾಗಿ ಏಳೆಂಟು ಸಲ ಮೇಲೆ ಕೆಳಗೆ ಹೋಗುವಂಥದ್ದು. ಹೊಸದಾಗಿ ಬಂದ ನರದ ಎಳೆ ಕೆಲವೇ ಸ್ನಾಯು ಎಳೆಗಳನ್ನು ಹಿಡಿದಿರುತ್ತದೆ, ಅವೂ ಒಟ್ಟಿಗೆ ಮಿಡಿಯಲ್ಲ, ಹಿಂದೆ ಮುಂದೆ ಆಗುತ್ತವೆ. ಅದಕ್ಕೇ ಈ ಹಲ್ಲು. ಕೈ ನೋಡಿದರೆ ಏನೂ ಅಲುಗಲಿಲ್ಲ. ಬೆರಳಿಟ್ಟು ಮುಟ್ಟಿದರೂ ಸ್ನಾಯು ಬಿಗಿಯಾಗಿದ್ದು ತಿಳಿಯಲಿಲ್ಲ. ಕಣ್ಣಿಗೆ ಕಾಣುವ ಚಲನೆಗಿಂತ ವಾರಗಟ್ಟಲೆ ಮುಂಚೆ ಸೂಜಿಗೆ ಈ ಸುದ್ದಿ ಸಿಗುತ್ತದೆ. ಚೇತರಿಕೆಯ ಹಾದಿಯಲ್ಲಿ ಈ ಪರೀಕ್ಷೆಯ ನಿಜವಾದ ಬೆಲೆ ನನಗೆ ಕಾಣೋದು ಇಲ್ಲಿ. ಆಪರೇಷನ್ ಮಾಡಬೇಕೋ ಬೇಡವೋ ಅನ್ನೋ ತೀರ್ಮಾನ ಇದರ ಮೇಲೆ ನಿಂತಿರತ್ತೆ.

"ಆ ಸದ್ದು ನಂದಾ?" ಅಂತ ಕೇಳಿದರು.

"ನಿಮ್ಮದೇ."

"ಇನ್ನೊಂದ್ಸಲ ಕೇಳಿಸಿ."

ಇನ್ನೂ ಐದಾರು ಸಲ ಮಡಚಿದರು. ನಾನು ಸೂಜಿ ಹಿಡಿದುಕೊಂಡೇ ಇದ್ದೆ. ಪರೀಕ್ಷೆಗೆ ಅಷ್ಟು ಬೇಕಿರಲಿಲ್ಲ, ಅವರಿಗೆ ಬೇಕಿತ್ತು.

ಮಣಿಕಟ್ಟಿನ ಸ್ನಾಯುವಿನಲ್ಲಿ ಅಂದು ಇನ್ನೂ ಏನೂ ಇರಲಿಲ್ಲ, ಬೆರಳಿನದ್ದರಲ್ಲೂ ಇಲ್ಲ. ಅವುಗಳ ಸರದಿ ಬಂದಿರಲಿಲ್ಲ. ನರ ತೆರೆದು ನೋಡುವ ಯೋಚನೆ ಕೈಬಿಟ್ಟೆವು.

ಆಮೇಲಿನ ತಿಂಗಳು

ಐದೂವರೆ ತಿಂಗಳಿಗೆ ಮೇಜಿನ ಮೇಲೆ ಕೈ ಅಡ್ಡ ಇಟ್ಟಾಗ ಮಣಿಕಟ್ಟು ಹಿಂದಕ್ಕೆ ಜಾರಿತು. ಏಳನೇ ತಿಂಗಳಿಗೆ ಗಾಳಿಯಲ್ಲೂ ಎದ್ದಿತು.

ಈ ಹೊತ್ತಿಗೆ ಮನೆಯವರು ಬೆರಳೂ ಬಂತು ಅಂತ ಸಂತೋಷದಿಂದ ತೋರಿಸಿದರು. ಸ್ಪ್ಲಿಂಟಿನಲ್ಲಿ ಬೆರಳ ತುದಿಗಳು ನೆಟ್ಟಗಾಗುತ್ತಿದ್ದವು. ಇಲ್ಲಿ ಮೋಸ ಹೋಗೋದು ಸುಲಭ. ಬೆರಳ ತುದಿಯ ಗೆಣ್ಣುಗಳನ್ನು ಅಂಗೈಯೊಳಗಿನ ಸಣ್ಣ ಸ್ನಾಯುಗಳು ನೆಟ್ಟಗೆ ಮಾಡಬಲ್ಲವು, ಅವು ಹೆಚ್ಚಾಗಿ ಅಲ್ನಾರ್ ನರದವು. ರೇಡಿಯಲ್ ನರ ಬಂದಿದೆಯೋ ಅಂತ ನೋಡಬೇಕಾದ್ದು ಬೆರಳಿನ ಬುಡದ ಗೆಣ್ಣಿನಲ್ಲಿ. ಅದು ಇನ್ನೂ ಎದ್ದಿರಲಿಲ್ಲ. 8ನೇ ತಿಂಗಳಿಗೆ ಎದ್ದಿತು, ಸೂಜಿಯಲ್ಲೂ ಅದೇ ಹಲ್ಲಿನ ಅಲೆಗಳು ಸಿಕ್ಕವು.

11ನೇ ತಿಂಗಳಿಗೆ ತೋರುಬೆರಳಿನ ಸ್ನಾಯುವಿನಿಂದ 0.6 ಮಿಲಿವೋಲ್ಟ್ ಬಂತು. 14ನೇ ತಿಂಗಳಿಗೆ 2.1. ಎಡಗೈಯ 5.2ಕ್ಕೆ ಹೋಲಿಸಿದರೆ ಅದು ನೂರಕ್ಕೆ 40 ಭಾಗ. "ಅರ್ಧವೂ ಬಂದಿಲ್ವಲ್ಲ" ಅಂತ ಅವರಿಗೆ ಆತಂಕವಾಯಿತು. ಆದರೆ ಬಲ ಅದೇ ಲೆಕ್ಕದಲ್ಲಿ ಇರಲಿಲ್ಲ, ಅದಕ್ಕಿಂತ ತುಂಬಾ ಚೆನ್ನಾಗಿತ್ತು. ಸೂಜಿಯಲ್ಲಿ ಈಗ ಕೇಳುತ್ತಿದ್ದುದು ದಪ್ಪ, ಉದ್ದನೆಯ ಅಲೆಗಳು. ತಲುಪಿದ ಒಂದೊಂದು ನರದ ಎಳೆಯೂ ಪಕ್ಕಕ್ಕೆ ಚಿಗುರು ಒಡೆದು, ನರ ಸಿಗದೆ ಉಳಿದ ಸ್ನಾಯು ಎಳೆಗಳನ್ನೂ ತನ್ನ ಕೈಕೆಳಗೆ ತೆಗೆದುಕೊಂಡಿತ್ತು. ಕಮ್ಮಿ ಜನ ಜಾಸ್ತಿ ಕೆಲಸ ಮಾಡುವ ಹಾಗೆ. ಈ ಅಲೆಗಳು ಇನ್ನು ಮುಂದೆ ಯಾವತ್ತೂ ಪೂರ್ತಿ ನಾರ್ಮಲ್ ಆಗಲಿಕ್ಕಿಲ್ಲ. ಹತ್ತು ವರ್ಷ ಬಿಟ್ಟು ಬೇರೆ ಯಾವುದೋ ಕಾರಣಕ್ಕೆ ಯಾರೋ ಸೂಜಿ ಹಾಕಿದರೆ ಹಳೆಯ ಏಟಿನ ಗುರುತು ಕಾಣುತ್ತದೆ. ಆಗ ಹೊಸ ರೋಗ ಅಂದುಕೊಳ್ಳಬಾರದು ಅಂತ ಈ ಏಟಿನ ವಿವರವನ್ನು ರಿಪೋರ್ಟಿನಲ್ಲೇ ಬರೆದುಕೊಟ್ಟಿದ್ದೇನೆ.

ಕೊನೆಯ ಭೇಟಿಗೆ ಅವರು ತಮ್ಮ ಕತ್ತರಿ ತಂದಿದ್ದರು. ಮಡಚಿದ ಬಟ್ಟೆಯ ಮೇಲೆ ಒಂದು ಗೆರೆ ಎಳೆದು, ಅದರ ಮೇಲೇ ಕತ್ತರಿಸಿ ತೋರಿಸಿದರು. ತೆರೆಯುವಾಗ ಹೆಬ್ಬೆರಳು ಒಂದು ಕ್ಷಣ ತಡೆದು ಆಮೇಲೆ ಹಿಂದಕ್ಕೆ ಬರುತ್ತಿತ್ತು. ಒಂದು ಗಂಟೆ ಕೆಲಸ ಮಾಡಿದರೆ ಸೋಲುತ್ತದಂತೆ, ಹತ್ತು ನಿಮಿಷ ಬಿಟ್ಟರೆ ಮತ್ತೆ ಆಗುತ್ತದಂತೆ. ಹೆಬ್ಬೆರಳ ಬುಡದಲ್ಲಿ ನಾಣ್ಯದಷ್ಟು ಜಾಗ ಇನ್ನೂ ಮಂದವಾಗಿದೆ. ಮುಂದಿನ ಪರೀಕ್ಷೆಗೆ ತಾರೀಕು ಕೊಡಲಿಲ್ಲ, ಅದರಿಂದ ತೀರ್ಮಾನ ಆಗಬೇಕಾದ್ದು ಏನೂ ಉಳಿದಿರಲಿಲ್ಲ.